ಚಿನ್ನಿ ಮತ್ತು ಗೋಣಿಚೀಲ (ಭಾಗ 3)

ಫೋಟೋದಲ್ಲಿರೋ ಬೆಕ್ಕು ಚಿನ್ನಿ. ಹೋದ ತಿಂಗಳು ಅಪ್ಪ ಇದನ್ನ ಗೋಣಿಚೀಲಕ್ಕೆ ಹಾಕಿ ಮಾರ್ಕೆಟ್ ಹತ್ರ ಬಿಟ್ಟು ಬರೋಕೆ ಹೊರಟಿದ್ರು. ಅಕ್ಕ ಐದು ತಿಂಗಳ ಬಸುರಿ, ತವರಿಗೆ ಬಂದಿದ್ದಾಳೆ. ಪಕ್ಕದ ಮನೆ ಆಂಟಿ "ಮನೇಲಿ ಬೆಕ್ಕಿದ್ರೆ ಮಗು ಕಣ್ಣು ಹೋಗುತ್ತೆ" ಅಂದುಬಿಟ್ರು.

ಆಂಟಿ ಮಾತು ಪೂರ್ತಿ ಸುಳ್ಳಲ್ಲ, ಅದೇ ಕಷ್ಟ. ಟಾಕ್ಸೊಪ್ಲಾಸ್ಮಾ ಅಂತ ಒಂದು ಪರಾವಲಂಬಿ ಇದೆ. ಬಸುರಿಗೆ ಮೊದಲ ಸಲ ತಗುಲಿದ್ರೆ ಮಗುವಿನ ಕಣ್ಣಿಗೆ, ಮಿದುಳಿಗೆ ತೊಂದರೆ ಆಗಬಹುದು. ಆದ್ರೆ ನೋಡಿ, ಬೆಕ್ಕು ಅದನ್ನ ಹರಡೋದು ಕಕ್ಕದಲ್ಲಿ. ಅದೂ ಸಾಮಾನ್ಯವಾಗಿ ಬೆಕ್ಕಿಗೆ ಮೊದಲ ಸಲ ಸೋಂಕಾದಾಗ, 1ರಿಂದ 3 ವಾರ ಅಷ್ಟೇ. ಹೊರಗೆ ಬಿದ್ದ ಮೇಲೂ ಅದು ಇನ್ನೊಬ್ಬರಿಗೆ ಅಂಟೋ ಹಂತಕ್ಕೆ ಬರೋಕೆ 1ರಿಂದ 5 ದಿನ ಬೇಕು. ದಿನಾ ಮರಳಿನ ಟ್ರೇ ಕ್ಲೀನ್ ಮಾಡಿ ಅನ್ನೋದು ಅದಕ್ಕೇ.

ಆ ಕೆಲಸ ಈಗ ನಂದು. ಕಾಸ್ಟಿಂಗ್ ಕ್ಲಾಸ್‌ಗೆ ಹೊರಡೋ ಮುಂಚೆ, ಗ್ಲೌಸ್ ಹಾಕ್ಕೊಂಡು. ನಗಬೇಡಿ.

ಸರಿಯಾಗಿ ಬೇಯದ ಮಾಂಸ, ತೊಳೆಯದ ಸೊಪ್ಪು, ಹಿತ್ತಲ ಮಣ್ಣು, ಇವುಗಳಿಂದಲೂ ಬರುತ್ತಂತೆ! ಅಕ್ಕ ದಿನಾ ಬರಿಗೈಲಿ ಕೊತ್ತಂಬರಿ ಕೀಳ್ತಿದ್ಲು, ಯಾರೂ ಏನೂ ಅಂದಿರಲಿಲ್ಲ. ಗೋಣಿಚೀಲ ಮಾತ್ರ ಚಿನ್ನಿಗೆ.

ಡಾಕ್ಟರ್ ರಕ್ತ ಪರೀಕ್ಷೆ ಮಾಡಿಸಿದ್ರು. ಅಕ್ಕಂಗೆ ಹಿಂದೆ ಸೋಂಕೇ ಆಗಿಲ್ಲ. ನಾವೆಲ್ಲ ಖುಷಿಪಟ್ವಿ. "ಹಾಗಂದ್ರೆ ಅವರಿಗೆ ರಕ್ಷಣೆನೂ ಇಲ್ಲ, ಹೆರಿಗೆ ತನಕ ಹುಷಾರು" ಅಂದ್ರು ಡಾಕ್ಟರ್.

ಚಿನ್ನಿ ಇಲ್ಲೇ ಇದೆ. ಅಪ್ಪ ಆ ಚೀಲನ ಮಡಚಿ ಬಾಗಿಲ ಹಿಂದೆ ಇಟ್ಟಿದ್ದಾರೆ, ಇನ್ನೂ ತೆಗೆದಿಲ್ಲ.