ಜೂಟಾಟ ಆಡುವ ಪರಮಾಣುಗಳು

ನಂಜನಗೂಡಿನ ನಮ್ಮ ಮನೆಯಲ್ಲಿ ಮೇಷ್ಟ್ರ ಕೆಲಸ ಎಂದರೆ ಎಲ್ಲರಿಗೂ ಗೊತ್ತು, ಬಾಳೆತೋಟದ ಕೆಲಸವೂ ಗೊತ್ತು. ಮೊಮ್ಮಗಳು ಬೆಂಗಳೂರಿನಲ್ಲಿ ಏನು ಓದುತ್ತಾಳೆಂದು ಮಾತ್ರ ಯಾರಿಗೂ ಹೇಳಲು ಬರುತ್ತಿರಲಿಲ್ಲ. “ತಣ್ಣಗಿನ ಅಯಾನುಗಳು ತಾತ” ಎಂದು ಸುಮ್ಮನಾಗುತ್ತಿದ್ದಳು. ಟಿ. ನರಸೀಪುರದಲ್ಲಿರುವ ನನ್ನ ಅಕ್ಕನಿಗೆ ಎಂಬತ್ತು ದಾಟಿದೆ. “ಮಗು ಅಷ್ಟು ದೂರ ಹೋಗಿ ಓದ್ತಾ ಇದೆ, ಏನು ಅಂತ ನನಗೂ ತಿಳೀಬೇಡ್ವೇ?” ಎಂದು ಕೊರಗುತ್ತಿದ್ದಳು. ಅಜ್ಜಿಗೆ ಅರ್ಥವಾಗದು ಎಂದು ಮೊಮ್ಮಗಳು ತೀರ್ಮಾನಿಸಿಬಿಟ್ಟಿದ್ದಳು. ನನಗದು ಸರಿ ಕಾಣಲಿಲ್ಲ. ಅವಳನ್ನೇ ಕೇಳಿ ಕೇಳಿ ಕಲಿತೆ.

ಎಲೆಕ್ಟ್ರಾನ್ ಕಳೆದುಕೊಂಡ ಪರಮಾಣುವೇ ಅಯಾನು. ಅಡುಗೆ ಉಪ್ಪಿನಲ್ಲಿರುವ ಸೋಡಿಯಂ ಹೀಗೇ ಒಂದು ಎಲೆಕ್ಟ್ರಾನನ್ನು ಕ್ಲೋರಿನ್‌ಗೆ ಕೊಟ್ಟು ಕುಳಿತಿದೆ. ಅಯಾನಿನ ಪಕ್ಕಕ್ಕೆ ಇಡೀ ಪರಮಾಣು ಬಂದರೆ ಅದರ ಎಲೆಕ್ಟ್ರಾನ್ ಇದಕ್ಕೆ ಹಾರಬಹುದು. ಆಗ ಇದು ಪರಮಾಣು, ಅದು ಅಯಾನು!

ಕಳೆದ ಬೇಸಿಗೆಯಲ್ಲಿ ನರಸೀಪುರಕ್ಕೆ ಹೋದಾಗ, ನಮ್ಮ ಕಪಿಲೆ ಕಾವೇರಿಯನ್ನು ಸೇರುವ ಸಂಗಮದ ಮರಳಿನಲ್ಲಿ ಮಕ್ಕಳು ಜೂಟಾಟ ಆಡುತ್ತಿದ್ದರು. ಅಕ್ಕನಿಗೆ ತೋರಿಸಿದೆ. ಓಡಿ ಬಂದ ಕಳ್ಳ, ನಿಂತಿದ್ದ ಹುಡುಗನನ್ನು ಮುಟ್ಟಿದ. ಈಗ ಕಳ್ಳ ಯಾರು? ನಿಂತವನು. ಮುಟ್ಟಿದವನು ಅದೇ ಓಟದಲ್ಲಿ ಮುಂದೆ ಹೋಗಿಬಿಟ್ಟ. ಕಣಗಳಲ್ಲಿ ಓಟವೇ ಬಿಸಿ, ನಿಧಾನವೇ ತಂಪು. ವೇಗದ ಅಯಾನು ನಿಧಾನದ ಪರಮಾಣುವಿನಿಂದ ಎಲೆಕ್ಟ್ರಾನ್ ಪಡೆದರೆ, ಉಳಿಯುವ ಹೊಸ ಅಯಾನು ಒಂದೇ ಏಟಿಗೆ ತಣ್ಣಗೆ.

“ಓಡಿಹೋದವನ ಗತಿ?” ಎಂದಳು ಅಕ್ಕ. ಒಳ್ಳೆಯ ಪ್ರಶ್ನೆ. ಅಯಾನುಗಳನ್ನು ಹಿಡಿದಿಡುವುದು ವಿದ್ಯುತ್ ಕ್ಷೇತ್ರದ ಬೋನು. ಎಲೆಕ್ಟ್ರಾನ್ ಪಡೆದವನಿಗೆ ಆ ಬೋನಿನ ಹಿಡಿತವಿಲ್ಲ, ನೇರ ಹೊರಗೆ ನಡೆದುಬಿಡುತ್ತಾನೆ.

ಇದನ್ನು ಅಳೆದದ್ದು ನಮ್ಮ ಬೆಂಗಳೂರಿನಲ್ಲೇ, ಸಿ. ವಿ. ರಾಮನ್ 1948ರಲ್ಲಿ ಸ್ಥಾಪಿಸಿದ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ. ಸೌರವ್ ದತ್ತ ಮತ್ತು ಸಾದಿಕ್ ರಂಗವಾಲ ಅದನ್ನು 2018ರಲ್ಲಿ ಪ್ರಕಟಿಸಿದರು. ಗಾಳಿ ತೆಗೆದ ಪಾತ್ರೆಯೊಳಗೆ ಸೀಸಿಯಂ ಅಯಾನುಗಳು. ಅವುಗಳ ನಡುವೆ, ಮೈನಸ್ 273 ಡಿಗ್ರಿಯ ಹತ್ತಿರಕ್ಕೆ ಲೇಸರ್‌ನಿಂದ ತಣಿಸಿದ ಪರಮಾಣುಗಳು. (ಲೇಸರ್ ಸುಡುವುದಲ್ಲವೇ ಎಂದು ನಾನೂ ಕೇಳಿದೆ. ತಕ್ಕ ಬಣ್ಣದ ಬೆಳಕು ಎದುರಿನಿಂದ ತಳ್ಳಿದರೆ ಪರಮಾಣುವಿನ ಓಟ ತಗ್ಗುತ್ತದಂತೆ.) ಒಮ್ಮೆ ರುಬಿಡಿಯಂ ಪರಮಾಣುಗಳನ್ನು ಇಟ್ಟರು, ಇನ್ನೊಮ್ಮೆ ಸೀಸಿಯಂನದೇ. ರುಬಿಡಿಯಂ ತನ್ನ ಎಲೆಕ್ಟ್ರಾನನ್ನು ಸ್ವಲ್ಪ ಬಿಗಿಯಾಗಿ ಹಿಡಿದಿರುತ್ತದೆ, ಹಾಗಾಗಿ ಅಲ್ಲಿ ಬರೀ ಡಿಕ್ಕಿ. ಸೀಸಿಯಂ ಸೀಸಿಯಂಗೆ ಕೊಡಲು ಅಂಥ ಅಡ್ಡಿಯಿಲ್ಲ. ಬಿಸಿ ಅಯಾನು ಬೋನಿನಿಂದ ಬೇಗ ತಪ್ಪಿಸಿಕೊಳ್ಳುತ್ತದೆ, ತಂಪಾದದ್ದು ಉಳಿಯುತ್ತದೆ. ಆದ್ದರಿಂದ ಸ್ವಲ್ಪ ಹೊತ್ತು ಬಿಟ್ಟು, ಎಷ್ಟು ಉಳಿದಿವೆ ಎಂದು ಎಣಿಸಿದರಾಯಿತು. ಬರೀ ಡಿಕ್ಕಿಗಿಂತ ಎಲೆಕ್ಟ್ರಾನ್ ಹಾರುವ ಡಿಕ್ಕಿ ಸುಮಾರು 100 ಪಟ್ಟು ಹೆಚ್ಚು ತಣಿಸುತ್ತದೆ ಎಂದು ಕಂಡಿತು. ಥರ್ಮಾಮೀಟರ್ ಇಲ್ಲದೆ ಎಣಿಸಿಯೇ ತಂಪನ್ನು ತಿಳಿಯುವ ಈ ಉಪಾಯ ನನಗೆ ಬಹಳ ಹಿಡಿಸಿತು.

ಅಲ್ಲಿಯವರೆಗೆ ದೂರ ಕುಳಿತಿದ್ದ ಮೊಮ್ಮಗಳು ಎದ್ದು ಬಂದು ಅಕ್ಕನ ಪಕ್ಕ ಕೂತಳು. “ಆಕಾಶದಲ್ಲೂ ಈ ಆಟ ಇದೆ ಅಜ್ಜಿ” ಎಂದು ಶುರುಮಾಡಿದಳು. 1996ರಲ್ಲಿ ಹ್ಯಾಕುಟಾಕೆ ಧೂಮಕೇತುವಿನಿಂದ ಎಕ್ಸ್-ಕಿರಣ ಬರುವುದನ್ನು ರೋಸ್ಯಾಟ್ ಉಪಗ್ರಹ ಕಂಡಿತಂತೆ. ಹಿಮದ ಗಡ್ಡೆಯಿಂದ ಎಕ್ಸ್-ಕಿರಣವೇ ಎಂದು ಎಲ್ಲರಿಗೂ ಅಚ್ಚರಿ. ಸೂರ್ಯನಿಂದ ಬೀಸಿ ಬರುವ ಅಯಾನುಗಳು ಧೂಮಕೇತುವಿನ ಅನಿಲದಿಂದ ಎಲೆಕ್ಟ್ರಾನ್ ಕಿತ್ತುಕೊಂಡಾಗ ಹೊಮ್ಮುವ ಬೆಳಕು ಅದು.

“ಆ ಬಾಲದ ಚುಕ್ಕಿ ನಾನು ಮಹಡಿ ಮೇಲಿಂದ ನೋಡಿದ್ದೆ ಕಣೇ” ಎಂದಳು ಅಕ್ಕ. ಮೊಮ್ಮಗಳು ಆಗಿನ್ನೂ ಹುಟ್ಟಿರಲಿಲ್ಲ. ಹೇಗಿತ್ತು, ಬಾಲ ಎಷ್ಟುದ್ದವಿತ್ತು ಎಂದು ಈಗ ಕೇಳುವ ಸರದಿ ಅವಳದಾಯಿತು.