ಸೆರಿನ್ಯಾನಿನ ಹಿತ್ತಿಲು

ಫ್ರಾನ್ಸು ದೇಶದ ದಕ್ಷಿಣದಲ್ಲಿ ಪ್ರೊವಾನ್ಸ್ ಎಂಬ ಸೀಮೆಯುಂಟು. ರೋಮನರ ಕಾಲದ ರಂಗಮಂದಿರವಿರುವ ಒರಾಂಜ್ ಪಟ್ಟಣವನ್ನು ದಾಟಿ ಕೆಲವು ಮೈಲಿ ನಡೆದರೆ ಸೆರಿನ್ಯಾನ್ ಎಂಬ ಗ್ರಾಮವು ಸಿಕ್ಕುತ್ತದೆ. ಅದರ ಅಂಚಿನಲ್ಲಿ, ಗೋಡೆಯೊಳಗೆ, ಒಂದು ಹಳೆಯ ಮನೆ ಮತ್ತು ಹಿತ್ತಿಲು. ಇದರ ಹೆಸರು ‘ಅರ್ಮಾಸ್’. ಆ ಸೀಮೆಯ ನುಡಿಯಲ್ಲಿ ಕಲ್ಲು ತುಂಬಿದ ಬಂಜರು ಎಂದರ್ಥ. ಬೇಸಾಯಕ್ಕೊದಗದ ಈ ನೆಲವನ್ನು ಫಾಬ್ರ್ ಎಂಬ ಕೀಟಶಾಸ್ತ್ರಜ್ಞನು 1879ರಲ್ಲಿ ಕೊಂಡು, 1915ರಲ್ಲಿ ಕಾಲವಾಗುವವರೆಗೂ ಇಲ್ಲಿಯೇ ವಾಸಿಸಿದನು. ಮುಳ್ಳುಗಿಡಗಳಿಗೆ ಬರುವ ಹುಳುಗಳೇ ಆತನ ಬೆಳೆ. ಆ ಮನೆ ಈಗ ವಸ್ತುಸಂಗ್ರಹಾಲಯವಾಗಿದೆ.

ಆತನು ಸಾಕಿ ನೋಡಿದ ಜೀವಿಗಳಲ್ಲಿ ಕೊಂಬಿನ ಸೆಗಣಿಹುಳುವೊಂದರ ಸಂಸಾರವು ಅಪೂರ್ವವಾದುದು. ನಮ್ಮ ರೇಷ್ಮೆಯ ಪತಂಗವು ನೂರಾರು ಮೊಟ್ಟೆಗಳನ್ನಿಟ್ಟು ಕೆಲವೇ ದಿನಗಳಲ್ಲಿ ಸಾಯುತ್ತದೆ. ತನ್ನ ಮರಿಗಳನ್ನು ಅದು ಕಾಣುವುದಿಲ್ಲ. ಈ ಹುಳುವಾದರೋ ಇಡುವುದು ಮೂರೋ ನಾಲ್ಕೋ ಮೊಟ್ಟೆ. ನೆಲದೊಳಗೆ ಕೋಣೆಯನ್ನು ತೋಡಿ, ಸೆಗಣಿಯನ್ನು ಹದಗೊಳಿಸಿ, ಉಂಡೆ ಕಟ್ಟಿ, ಒಂದೊಂದರಲ್ಲಿ ಒಂದೊಂದು ಮೊಟ್ಟೆಯನ್ನಿಡುತ್ತದೆ. ಮರಿಗೆ ಆ ಉಂಡೆಯೇ ತೊಟ್ಟಿಲು, ಅದೇ ಊಟ. ತಾಯಿಯು ತಿಂಗಳುಗಟ್ಟಲೆ ಹೊರಗೆ ಬಾರದೆ ಕಾದಿರುತ್ತದೆ.

ಈ ಕಾವಲಿನ ಫಲವೇನು? ಫಾಬ್ರನು ಉಂಡೆಗಳನ್ನು ತಾಯಿಯಿಂದ ಅಗಲಿಸಿದಾಗ ಅವು ಬೂಷ್ಟು ಹಿಡಿದು ಬಿರುಕುಬಿಟ್ಟವು. ಮರಳಿ ಒಪ್ಪಿಸಿದಾಗ ತಾಯಿಯು ಬೂಷ್ಟನ್ನು ಕೆರೆದು ಬಿರುಕುಗಳನ್ನು ಮುಚ್ಚಿತು. ಮೊಟ್ಟೆಗಳು ಕೆಲವೇ ಆದುದರಿಂದ ಒಂದನ್ನೂ ಕಳೆದುಕೊಳ್ಳುವಂತಿಲ್ಲ.

ಬೇಸಗೆ ಕಳೆದು ಶರತ್ಕಾಲದ ಮಳೆ ಬಿದ್ದ ಮೇಲೆ, ಮೆತ್ತಗಾದ ಉಂಡೆಗಳನ್ನೊಡೆದು ಮಕ್ಕಳು ಹೊರಬರುತ್ತವೆ. ಅವುಗಳೊಡನೆ ತಾಯಿಯೂ ಬೆಳಕಿಗೆ ಏರಿ ಬರುತ್ತದೆ. ಬೆಳೆದ ಮಕ್ಕಳನ್ನು ಕಾಣುವ ಭಾಗ್ಯವು ಕೀಟಲೋಕದಲ್ಲಿ ಎಷ್ಟು ತಾಯಂದಿರಿಗುಂಟು?