ಪೋಸ್ಟರ್ ಸೂಪರ್, ಪಿಕ್ಚರ್ ಫ್ಲಾಪ್!

ಪೋಸ್ಟರ್ ನೋಡಿ ಮರುಳಾಗಿ, ಬ್ಲ್ಯಾಕಿನಲ್ಲಿ ಟಿಕೆಟ್ ಕೊಂಡು, ಇಂಟರ್‌ವಲ್ಲಿಗೇ ಎದ್ದು ಬಂದ ಅನುಭವ ನಿಮಗೂ ಇದ್ದೀತು. ಆಗಸ್ಟ್ 15ರ ರಜೆಯಲ್ಲಿ ನನಗೂ ಅದೇ ಗತಿಯಾಯಿತು. ಆದರೆ ಟಾಕೀಸಿನಲ್ಲಲ್ಲ, ಊಟದ ಮೇಜಿನ ಮುಂದೆ!

ನನ್ನ ರೂಮಿನ ಗೆಳೆಯ ಕಡಬದವನು. 'ಬೆಟ್ಟದ ಜೀವ' ಸಿನಿಮಾ ನೋಡಿದಂದಿನಿಂದ ನಾನು ಅವನ ಬೆನ್ನು ಬಿದ್ದಿದ್ದೆ. 2011ರಲ್ಲಿ ತೆರೆಗೆ ಬಂದ ಪಿ. ಶೇಷಾದ್ರಿ ಅವರ ಚಿತ್ರ, ಗೋಪಾಲಯ್ಯನಾಗಿ ನಮ್ಮ ದತ್ತಣ್ಣ. ಕಾಡಿನಲ್ಲಿ ದಾರಿ ತಪ್ಪಿದ ಅಪರಿಚಿತನನ್ನು ಮುದುಕ ದಂಪತಿ ಮನೆಮಗನಂತೆ ಉಪಚರಿಸುವ ಕತೆ. ಶಿವರಾಮ ಕಾರಂತರು ಆ ಕಾದಂಬರಿ ಹೆಣೆದದ್ದು ಸುಬ್ರಹ್ಮಣ್ಯದ ಸುತ್ತಲ ಕಾಡಿನ ಮೇಲೆ. ಆ ಕಾಡು ನೋಡಬೇಕು, ಆ ಸೀಮೆಯ ಅನ್ನ ಉಣ್ಣಬೇಕು... ಇಷ್ಟೇ ನನ್ನ ಆಸೆ.

ರಾತ್ರಿ ಬಸ್ಸು. ಮಡಿಕೇರಿ ದಾಟಿ, ಸಂಪಾಜೆ ಘಾಟಿ ಇಳಿದು, ಬೆಳಗಾಗುವಾಗ ಸುಳ್ಯ. ಜಡಿಮಳೆ. ಅಡಿಕೆ ತೋಟ ಮುಗಿದರೆ ರಬ್ಬರ್, ರಬ್ಬರ್ ಮುಗಿದರೆ ಅಡಿಕೆ. ಬಸ್‌ಸ್ಟ್ಯಾಂಡಿನ ಪಕ್ಕದ ಹೋಟೆಲಿನಲ್ಲಿ ಇಬ್ಬರೂ ಬಿಸಿ ಬನ್ಸ್ ತಿಂದು ಚಾ ಕುಡಿದೆವು. ನೂರರ ನೋಟಿಗೆ ಚಿಲ್ಲರೆ ವಾಪಸ್ ಬಂತು. ಈ ಲೆಕ್ಕ ನೆನಪಿಡಿ, ಮುಂದೆ ಬೇಕಾಗುತ್ತೆ!

ಅಲ್ಲಿಂದ ಪುತ್ತೂರು. ಮಹಾಲಿಂಗೇಶ್ವರನಿಗೆ ಕೈಮುಗಿದು ನೇರ ಬಾಲವನಕ್ಕೆ ಹೋದೆವು. ಕಾರಂತರು ಎಷ್ಟೋ ವರ್ಷ ಬಾಳಿದ ಜಾಗ. ಅವರ 'ಚೋಮನ ದುಡಿ' 1975ರಲ್ಲಿ ಬಿ.ವಿ. ಕಾರಂತರ ಕೈಯಲ್ಲಿ ಸಿನಿಮಾ ಆಗಿ ಸ್ವರ್ಣಕಮಲ ಗೆದ್ದದ್ದು ನಿಮಗೆ ಗೊತ್ತೇ ಇದೆ. 'ಕುಡಿಯರ ಕೂಸು' ಕಾದಂಬರಿಯನ್ನು 1978ರಲ್ಲಿ 'ಮಲೆಯ ಮಕ್ಕಳು' ಎಂದು ಸ್ವತಃ ಅವರೇ ನಿರ್ದೇಶಿಸಿದ್ದರು. ಆ ಮರಗಳ ಕೆಳಗೆ ನಿಂತಾಗ ಮೈ ಜುಮ್ಮೆಂದಿತು.

ಸಂಜೆ ಕಡಬ. ಹಿಂದೆ ಪುತ್ತೂರು ತಾಲೂಕಿಗೆ ಸೇರಿದ್ದ ಊರು ಈಗ ತಾನೇ ತಾಲೂಕು; ಸುಳ್ಯದ ಪಾಲಿಗಿದ್ದ ಸುಬ್ರಹ್ಮಣ್ಯವೂ ಈಗ ಇದರದ್ದೇ. ಗೆಳೆಯನ ಅಮ್ಮ ಬಾಗಿಲಲ್ಲೇ ಹೇಳಿದರು: "ನಾಳೆ ಮಧ್ಯಾಹ್ನ ಮನೆಗೇ ಬರಬೇಕು ಆಯ್ತಾ? ಊರುಕೋಳಿ ಹಿಡಿದಿಟ್ಟಿದ್ದೇನೆ."

ಇಲ್ಲೇ ವಿಲನ್ ಎಂಟ್ರಿ! ಸುಬ್ರಹ್ಮಣ್ಯದ ದಾರಿಯಲ್ಲಿ ಒಂದು ದೊಡ್ಡ ರೆಸ್ಟೋರೆಂಟ್. ಹೆಸರು ಬೇಡ ಬಿಡಿ. ಮೊಬೈಲಿನಲ್ಲಿ ಅದರ ಫೋಟೊ ನೋಡಿ ಇಬ್ಬರೂ ಬಿದ್ದುಹೋದೆವು. ಹಳೇ ಮರದ ಕಂಬ, ಹಿತ್ತಾಳೆ ತಟ್ಟೆ, ಥೇಟ್ ಗೋಪಾಲಯ್ಯನ ಮನೆಯೇ! "ನಾವು ಸುಬ್ರಹ್ಮಣ್ಯಕ್ಕೆ ಹೋಗ್ತೇವೆ, ದೇವಸ್ಥಾನದಲ್ಲೇ ಊಟ" ಎಂದು ಗೆಳೆಯ ಅಮ್ಮನಿಗೆ ಸುಳ್ಳು ಬಿಟ್ಟ. ನಾನು ತುಟಿ ಬಿಚ್ಚಲಿಲ್ಲ.

ಕೂತು ಮುಕ್ಕಾಲು ಗಂಟೆಯಾದ ಮೇಲೆ ತಟ್ಟೆ ಬಂತು. ಹಾಳೆಯಂತೆ ತೆಳ್ಳಗಿರಬೇಕಾದ ನೀರುದೋಸೆ ಚಪಾತಿಯಂತೆ ದಪ್ಪ, ಅಂಚೆಲ್ಲ ಒಣಗಿತ್ತು. 'ಊರುಕೋಳಿ ಗಸಿ'ಯಲ್ಲಿ ಇದ್ದದ್ದು ಬ್ರಾಯ್ಲರ್. ಆಟಿ ತಿಂಗಳ ಪತ್ರೊಡೆ ಹೊರಗೆ ಬಿಸಿ, ಒಳಗೆ ಐಸು. ಕೊನೆಗೆ 'ಬೆಲ್ಜಿಯಂ ಚಾಕಲೇಟ್' ಸಿಹಿಯಂತೆ! 1986ರಿಂದ ಪುತ್ತೂರಿನಲ್ಲೇ ಕ್ಯಾಂಪ್ಕೋ ಚಾಕಲೇಟ್ ಫ್ಯಾಕ್ಟರಿ ಇದೆ ಸ್ವಾಮಿ, ಬೆಲ್ಜಿಯಂ ಯಾಕೆ?

ಆಮೇಲೆ ಬಿಲ್ಲು. ದೋಸೆ-ಕೋಳಿ ಇಬ್ಬರಿಗೆ 1,180, ಪತ್ರೊಡೆ 320, ಪುನರ್ಪುಳಿ ಶರಬತ್ತು ಎರಡಕ್ಕೆ 380, ಚಾಕಲೇಟ್ 320. ಒಟ್ಟು 2,200. ಮೇಲೆ ಸರ್ವಿಸ್ ಚಾರ್ಜ್ 220, ಜಿಎಸ್‌ಟಿ 121. ಪೂರಾ 2,541 ರೂಪಾಯಿ! ಇಬ್ಬರ ಜೇಬೂ ಕೊಡವಿ ಕೊಟ್ಟು ಬಂದೆವು.

ಗೆಳೆಯರೇ, ಜಿಎಸ್‌ಟಿ ಕೊಡಲೇಬೇಕು. ಆದರೆ ಸರ್ವಿಸ್ ಚಾರ್ಜನ್ನು ನಮ್ಮನ್ನು ಕೇಳದೆ ಬಿಲ್ಲಿಗೆ ಸೇರಿಸುವಂತಿಲ್ಲ. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರಲ್ಲೇ ಹೀಗೆಂದಿತ್ತು. 2025ರ ಮಾರ್ಚಿನಲ್ಲಿ ದೆಹಲಿ ಹೈಕೋರ್ಟೂ ಅದನ್ನು ಎತ್ತಿಹಿಡಿಯಿತು. ತೆಗೆಯಿರಿ ಎಂದು ಕೇಳಿ. ಒಪ್ಪದಿದ್ದರೆ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ. ನನಗೆ ಇದು ತಿಳಿದದ್ದು ದುಡ್ಡು ಕೊಟ್ಟ ಮೇಲೆ!

ರಾತ್ರಿ ಮನೆ ಸೇರಿದೆವು. ಹೊಟ್ಟೆ ಚುರುಗುಟ್ಟುತ್ತಿತ್ತು. ಅಡುಗೆಮನೆಯಿಂದ ಘಮ್ಮೆನ್ನುವ ಕೋಳಿ ಸಾರಿನ ಪರಿಮಳ. ಅಮ್ಮ ಮಾತ್ರ, "ದೇವಸ್ಥಾನಕ್ಕೆ ಹೋಗಿ ಬಂದವರು, ಇವತ್ತು ನಿಮಗೆ ಕೋಳಿ ಬೇಡ" ಎಂದು ಗಂಜಿ, ಮಿಡಿ ಉಪ್ಪಿನಕಾಯಿ ಬಡಿಸಿದರು. ಸುಳ್ಳಿಗೆ ತಕ್ಕ ಶಿಕ್ಷೆ! ಅಷ್ಟರಲ್ಲಿ ಗೆಳೆಯ ಮತ್ತೆ ಮತ್ತೆ ಗಂಟಲು ಕೆರೆಯತೊಡಗಿದ. ನನಗೂ ಅದೇ ತುರಿಕೆ.

ಅಮ್ಮ ಒಮ್ಮೆ ಅವನನ್ನು, ಒಮ್ಮೆ ನನ್ನನ್ನು ನೋಡಿದರು. "ಎಂತ ಮಾರಾಯ, ಪತ್ರೊಡೆ ತಿಂದದ್ದಾ? ಕೆಸುವಿನ ಎಲೆಗೆ ಹುಳಿ ಕಮ್ಮಿಯಾದರೆ ಹೀಗೇ ಗಂಟಲು ತುರಿಸುವುದು. ದೇವಸ್ಥಾನದ ಊಟಕ್ಕೆ ಹೀಗಾಗುವುದಿಲ್ಲ."

ನಾನು ತಲೆ ತಗ್ಗಿಸಿ ಎಲ್ಲ ಒಪ್ಪಿಕೊಂಡೆ. ಬೆಳಿಗ್ಗೆಯಿಂದ ನಮಗಾಗಿ ಒಲೆ ಮುಂದೆ ಕೂತವರು ಅವರು. ಒಂದು ಮಾತೂ ಬೈಯಲಿಲ್ಲ. ಎದ್ದು ಹೋಗಿ ಸಾರಿನ ಪಾತ್ರೆ ತಂದು ಮುಂದಿಟ್ಟರು. ಆ ಹೊತ್ತಿನಲ್ಲೂ ಕಾವಲಿಗೆ ನೀರುದೋಸೆ ಹುಯ್ದರು. ತೆಳ್ಳಗೆ, ಬಿಳಿ ಮಲ್ಲಿಗೆಯಂತೆ... ಎಷ್ಟು ತಿಂದೆನೋ ಲೆಕ್ಕವಿಲ್ಲ.

ಕೈತೊಳೆಯುವಾಗ ಅಮ್ಮ ಮೆಲ್ಲಗೆ ಕೇಳಿದರು: "ಅಲ್ಲಿ ಎಷ್ಟಾಯ್ತು?"

ಗೆಳೆಯ ಹೇಳಿದ.

"ಅಯ್ಯೋ ದೇವರೇ! ಆ ದುಡ್ಡಿಗೆ ನಾಲ್ಕು ಕೋಳಿ ಬರ್ತಿತ್ತಲ್ಲ ಮಗ!"